ಓದುಗರು ಕೇಳ್ಯಾರ, ಅಕ್ಕೋರು ಹೇಳ್ಯಾರ: ಪೋಲಂಡ್ ಮಂದಿಯ ಶನಿವಾರದ ಸಾಲಿ

ಹೋದ ಸಂಚಿಕಿಯೊಳಗ ಕೊಲ್ಹಾಪುರ ಬಾಜೂಕಿನ ವಳಿವಡೆ ಬಗ್ಗೆ ನಾಕ ಸಾಲು ಬರದಿದ್ದೆ, ಎರಡನೇ ಮಹಾಯುದ್ಧದ ಟೈಮಿಗೆ ಪೋಲಂಡ್ ದೇಶದ ನಿರಾಶ್ರಿತರು ಅಲ್ಲಿ ಐದು ವರ್ಷ ಇದ್ರು, ಇಲ್ಲಿದ್ದಾಗೂ ಮುಂದ ಬ್ಯಾರೆ ಬ್ಯಾರೆ ದೇಶಕ್ಕ ಚದುರಿ ಹೋದಮ್ಯಾಲೂ ಮಕ್ಕಳ ಬಾಯಾಗಿಂದ ತಮ್ಮ ಭಾಷಾ ಹೋಗಗೊಡಲಿಲ್ಲ ಅಂತ. ಅಷ್ಟಕ್ಕ ಇಷ್ಟು ಪತ್ರ, ಇಷ್ಟು ವಾಟ್ಸಪ್ ಮೆಸೇಜ್ ಬರ್ತಾವಂತ ನಾ ಅಂದ್ಕೊಂಡಿರಲಿಲ್ಲ. ಜತ್ತ, ಅಕ್ಕಲಕೋಟ, ಸೊಲ್ಲಾಪುರ ಬಿಡ್ರಿ, ಕಾಸರಗೋಡು, ತಾಳವಾಡಿಯಿಂದನೂ ಬಂದಾವ. ಹಂಗಾಗಿ ಈ ಸಲ ಬ್ಯಾರೆ ಪ್ರಶ್ನೆ ಎಲ್ಲಾ ಬದಿಗಿಟ್ಟು ಇದೊಂದನ್ನೇ ತಗೊಂಡೀನಿ.

ಅಕ್ಕೋರ, ನಾ ಕೊಲ್ಹಾಪುರಕ್ಕ ನೂರು ಸಲ ಹೋಗೀನಿ, ಅಲ್ಲಿ ಪೋಲಂಡದವರು ಇದ್ರಂತ ಈಗ ಗೊತ್ತಾತು. ಅಷ್ಟು ದೂರದ ಮಂದಿ ಇಲ್ಲಿಗೆ ಯಾಕ ಬಂದ್ರು? ಅವರದು ಸಾಲಿ ಇತ್ತೇನ್ರಿ? – ಒಬ್ಬ ಮಾಸ್ತರ್, ಜತ್ತ ತಾಲೂಕ

ಇತ್ತರೀ ಮಾಸ್ತರ್, ಒಂದಲ್ಲ, ಹಲವು ಇದ್ದವು. 1939ರಾಗ ಪೋಲಂಡಿನ ಮ್ಯಾಲ ಒಂದ ಕಡೆಯಿಂದ ಜರ್ಮನಿ, ಇನ್ನೊಂದ ಕಡೆಯಿಂದ ಸೋವಿಯತ್ ರಷ್ಯಾ ಬಿತ್ತು. ರಷ್ಯಾದ ಕೈಗೆ ಸಿಕ್ಕ ಪೂರ್ವ ಭಾಗದಿಂದ 1940–41ರಾಗ ಲಕ್ಷಗಟ್ಟಲೆ ಜನರನ್ನ, ಮುದುಕರು ಕೂಸುಗಳು ಅನ್ನದ, ಗೂಡ್ಸ್ ಗಾಡಿಯೊಳಗ ತುಂಬಿ ಸೈಬೀರಿಯಾ, ಕಝಾಕಿಸ್ತಾನ ಕಡೆ ಸಾಗಿಸಿದ್ರು. 1941ರಾಗ ಹಿಟ್ಲರ್ ರಷ್ಯಾದ ಮ್ಯಾಲೇ ತಿರುಗಿ ಬಿದ್ದಾಗ ಒಪ್ಪಂದ ಆಗಿ ಇವರಿಗೆ ಬಿಡುಗಡೆ ಆತು, ಹಸಿವಿ ಬ್ಯಾನಿ ಒಳಗ ಸತ್ತು ಉಳದವರು 1942ರಾಗ ಇರಾನಕ್ಕ ಬಂದ್ರು, ಅಲ್ಲಿಂದ ಒಂದಿಷ್ಟು ಮಂದಿ ನಮ್ಮ ದೇಶಕ್ಕ. ಗುಜರಾತದ ನವಾನಗರದ ಜಾಮಸಾಹೇಬ್ ದಿಗ್ವಿಜಯಸಿಂಹಜೀ ಬಾಲಾಚಡಿಯೊಳಗ ನೂರಾರು ಮಕ್ಕಳಿಗೆ ಆಸರಾ ಕೊಟ್ಟಿದ್ದು ಭಾಳ ಮಂದಿಗೆ ಗೊತ್ತದ, ಅದಕ್ಕಿಂತ ದೊಡ್ಡ ಕ್ಯಾಂಪ್ ಇದ್ದದ್ದು ಮಾತ್ರ ಕೊಲ್ಹಾಪುರ ಸಂಸ್ಥಾನದಾಗ, ಪಂಚಗಂಗಾ ದಂಡಿ ಹಂತ್ಯಾಕ, ವಳಿವಡೆಯೊಳಗ. 1943ರಿಂದ 1948ರ ತನಕ, ಸುಮಾರು 5,000 ಜನ. ಹೆಚ್ಚಿನವರು ಹೆಣ್ಣಮಕ್ಕಳು ಮತ್ತ ಸಣ್ಣ ಹುಡುಗೂರು, ಯಾಕಂದ್ರ ಗಂಡಸರು ಸೈನ್ಯ ಸೇರಿ ಯುದ್ಧಕ್ಕ ಹೋಗಿದ್ರು.

ಕಣ್ಣ ಮುಂದ ಇಟ್ಟುಕೊಂಡು ನೋಡ್ರಿ, ಮನಿ ಹೋಗೇದ, ಗಂಡ ಎಲ್ಲ್ಯದಾನ ಗೊತ್ತಿಲ್ಲ, ಹಸಿವಿ ನೋಡಿ ಬಂದ ಮಕ್ಕಳು, ಮ್ಯಾಲ ನಮ್ಮ ಕಡಿ ಬಿಸಲು. ಅಂಥಾದ್ರಾಗ ಈ ಹೆಣ್ಣಮಕ್ಕಳು ಪ್ರಾಥಮಿಕ ಸಾಲಿ ತೆಗದ್ರು, ಹೈಸ್ಕೂಲ್ ತೆಗದ್ರು, ಚರ್ಚ್, ಆಸ್ಪತ್ರಿ, ಸ್ಕೌಟ್ ದಳ, ನಾಟಕ, ಹಾಡು, ಕುಣಿತ ಎಲ್ಲಾ. ಆಗ ಪೋಲಿಷ್ ನಿರಾಶ್ರಿತರ ಸಾಲಿಗಳಿಗೆ ಪುಸ್ತಕ ಜೆರುಸಲೇಂದಾಗ ಅಚ್ಚಾಗ್ತಿದ್ದವು, ತಮ್ಮ ದೇಶದಾಗ ಅಚ್ಚು ಹಾಕೋ ಪರಿಸ್ಥಿತಿ ಇರಲಿಲ್ಲಲ್ಲ. ನಮ್ಮ ಸಾಲಿಗೆ ಜೂನ್‌ದಾಗ ಬರೋ ಪುಸ್ತಕ ದಸರಾಕ್ಕ ಬಂದ ವರ್ಷ ನಾ ಕರಿಹಲಗಿ ಮ್ಯಾಲ ಪೂರಾ ಪಾಠ ಬರದು ನಾಕ ತಿಂಗಳು ಕಳದೀನಿ, ಹಂಗಾಗಿ ಇದನ್ನ ಓದಿದಾಗ ಅವರು ಯಾರೋ ದೂರದವರು ಅಂತ ಅನ್ನಿಸಲಿಲ್ಲ ನನಗ.

ಅವರ ತಲಿಯೊಳಗ ಇದ್ದದ್ದು ಒಂದೇ, ಯುದ್ಧ ಮುಗೀತದ, ಊರಿಗೆ ಹೋಗ್ತೀವಿ, ಹುಡುಗೂರು ಅಲ್ಲಿ ಹಿಂದ ಬೀಳಬಾರದು. ಆದ್ರ ಯುದ್ಧ ಮುಗದಾಗ ಗಡಿನೇ ಸರದಿತ್ತು, ಅವರ ಊರುಗಳು ಸೋವಿಯತ್ ಪಾಲಾಗಿದ್ದವು. ಇವತ್ತ ಆ ಊರು ಉಕ್ರೇನ್, ಬೆಲಾರೂಸ್, ಲಿಥುವೇನಿಯಾ ಒಳಗ ಅವ. ಕೆಲವರು ಪೋಲಂಡಿಗೇ ಹೋದ್ರು, ಭಾಳ ಮಂದಿ ಇಂಗ್ಲೆಂಡ್, ಆಸ್ಟ್ರೇಲಿಯಾ, ಕೆನಡಾ, ಅಮೆರಿಕಾ ಕಡೆ ಹೋದ್ರು. ಖಾಲಿ ಆದ ಅದೇ ಬರಾಕಿಗೆ ದೇಶ ಒಡದು ಬಂದ ಸಿಂಧಿ ನಿರಾಶ್ರಿತರು ಬಂದ್ರು, ಅದೇ ಇವತ್ತಿನ ಗಾಂಧಿನಗರ. ಮಾಸ್ತರ್, ಲಗ್ನದ ಜವಳಿ ತರಾಕ ಹೋಲ್‌ಸೇಲ್ ಅಂಗಡಿ ಅಂತ ಹೋಗ್ತೀವಲ್ಲ, ಅದೇ ಗಾಂಧಿನಗರ! ಮುಂದಿನ ಸಲ ಹೋದ್ರ ಕೊಲ್ಹಾಪುರದ ಮಹಾವೀರ ಗಾರ್ಡನ್‌ದಾಗ ಅವರ ನೆನಪಿನ ಕಂಬ ಅದ, ಹುಡುಗೂರ್ನ ಕರಕೊಂಡು ಹೋಗಿ ತೋರಸ್ರಿ. ಪೋಲಂಡಿನ ರಾಜಧಾನಿ ವಾರ್ಸಾದಾಗೂ ಕೊಲ್ಹಾಪುರದ ಹೆಸರಿನ ಸ್ಮಾರಕ ಅದ, 2024ರ ಆಗಸ್ಟ್‌ದಾಗ ಪ್ರಧಾನಿ ಹೋಗಿ ಹೂವ ಇಟ್ಟು ಬಂದಾರ.

ನಾವು ಅಕ್ಕಲಕೋಟದವರು, ಈಗ ಸೊಲ್ಲಾಪುರದಾಗ ಇದೀವಿ. ಮಗಾ ಇಂಗ್ಲಿಷ್ ಮೀಡಿಯಂ, ಹೊರಗ ಮರಾಠಿ, ಮನ್ಯಾಗ ಕನ್ನಡ ಮಾತಾಡ್ತಾನ ಖರೆ ಒಂದಕ್ಷರ ಓದಾಕ ಬರೂದಿಲ್ಲ. ಪೋಲಿಷರು ಹೊರದೇಶದಾಗ ಮಕ್ಕಳಿಗೆ ಹ್ಯಾಂಗ ಕಲಸ್ತಾರ ಅಕ್ಕೋರ? – ಒಬ್ಬ ತಾಯಿ

ಶನಿವಾರದ ಸಾಲಿ ತಂಗೀ, ಶನಿವಾರದ ಸಾಲಿ. ಸೋಮವಾರದಿಂದ ಶುಕ್ರವಾರ ಹುಡುಗ ಆ ದೇಶದ ಸಾಲಿಗೇ ಹೋಗ್ತಾನ, ಎಲ್ಲಾರಂಗ ಇಂಗ್ಲಿಷ್‌ದಾಗೇ ಕಲೀತಾನ, ಶನಿವಾರ ಮುಂಜಾನೆ ಮಾತ್ರ ಮೂರು ನಾಕ ತಾಸು ಪೋಲಿಷ್ ಸಾಲಿ. ಭಾಷಾ, ಇತಿಹಾಸ, ಭೂಗೋಳ, ಹಲವು ಕಡೆ ಧರ್ಮದ ಪಾಠನೂ. ಚಿಕಾಗೋದಾಗ ಕೆಲವು ಕಡೆ ಶುಕ್ರವಾರ ಸಂಜಿಗೂ ನಡೀತದ. ಸ್ವಂತ ಕಟ್ಟಡ ಅಂತ ಕಾಯೂದಿಲ್ಲ, ಚರ್ಚಿನ ಹಾಲ್ ಇಲ್ಲಾಂದ್ರ ಅಲ್ಲಿದ್ದೇ ಯಾವುದೋ ಸಾಲಿ ಬಾಡಿಗಿ ಹಿಡೀತಾರ. ಬಾಡಿಗಿ ಕ್ಲಾಸ್ ಅಂದ್ರ ಗೊತ್ತಲ್ಲ, ಮುಗದಮ್ಯಾಲ ಬೆಂಚು ಇದ್ದಲ್ಲೇ ಇಡಬೇಕು, ಹಲಗಿ ಒರಸಬೇಕು, ಸೋಮವಾರ ಬರೋ ಹುಡುಗೂರ ಚಿತ್ರ ಹರೀಬಾರದು. ಇದಕ್ಕೆಲ್ಲಾ ತಾಯಿ ತಂದಿಯರದು ಪಾಳಿ ಹಚ್ಚಿರ್ತಾರ, ಈ ಶನಿವಾರ ಬಾಗಲದಾಗ ನೀವು, ಮುಂದಿನ ಶನಿವಾರ ಇವರು. ಫೀ ಕೊಡೋರೂ ಅವರೇ, ಕಸ ಹೊಡಿಯೋರೂ ಅವರೇ. ನನಗ ಅನಸ್ತದ ಈ ಸಾಲಿ ಉಳದಿದ್ದು ಪಾಳಿಯಿಂದೇ, ಯಾಕಂದ್ರ ಅವ್ವ ತಾನೇ ಬಂದು ಕಾರಿಡಾರಿನ್ಯಾಗ ಎರಡು ತಾಸು ನಿಂತ್ರ ಇದು ಬೇಕಾದ ವಿಷಯ ಅಂತ ಹುಡುಗನ ತಲಿಗೆ ಹೋಗ್ತದ, ಬರೇ ಗಾಡಿಯಿಂದ ಇಳಿಸಿ ಹೋದ್ರ ಹೋಗೂದಿಲ್ಲ.

ಇಂಗ್ಲೆಂಡದಾಗ ಇದು ಗಟ್ಟಿ ಆಗಿದ್ದು ಯುದ್ಧದ ನಂತರ. ಇಂಗ್ಲಿಷರ ಜೋಡಿ ನಿಂತು ಹೋರಾಡಿದ ಪೋಲಿಷ್ ಸೈನಿಕರಿಗೆ ಅಲ್ಲೇ ನೆಲಿ ಆಗಾಕ 1947ರಾಗ ಒಂದ ಕಾಯ್ದೆ ಮಾಡಿದ್ರು, 1953ರಾಗ ಲಂಡನ್‌ದಾಗ ಪೋಲ್ಸ್ಕಾ ಮಚೇಝ್ ಷ್ಕೋಲ್ನಾ ಅನ್ನೋ ಶಿಕ್ಷಣ ಸಂಸ್ಥೆ ಹುಟ್ಟಿತು, ಶನಿವಾರದ ಸಾಲಿಗಳನ್ನ ಜೋಡಿಸಿ ಪುಸ್ತಕ, ಪಠ್ಯಕ್ರಮ, ಮಾಸ್ತರರಿಗೆ ತರಬೇತಿ ಎಲ್ಲಾ ಅದೇ ನೋಡ್ತದ. 2004ರಾಗ ಪೋಲಂಡ್ ಯುರೋಪಿಯನ್ ಯೂನಿಯನ್ ಸೇರಿದ್ದೇ ತಡ ಹೊಸಾ ಮಂದಿ ದುಡಿಯಾಕ ಬಂದ್ರು, ಸಾಲಿಗಳು ಮತ್ತ ತುಂಬಿದವು. 2021ರ ಜನಗಣತಿ ಪ್ರಕಾರ ಇಂಗ್ಲೆಂಡ್ ವೇಲ್ಸ್ ಎರಡೂ ಕೂಡಿ 6,12,000 ಜನ ಪೋಲಿಷ್ ತಮ್ಮ ಮುಖ್ಯ ಭಾಷಾ ಅಂತ ಬರಸ್ಯಾರ, ಆ ನೆಲದ ಭಾಷಾ ಬಿಟ್ರ ಅದೇ ಮೊದಲನೇದು.

ಓದು ಶುರು ಆಗೂದು ನಮ್ಮ ಅ ಅಗಸ, ಆ ಆಡು ಇದ್ದಂಗ, ಅವರದು 'ಆಲಾ ಮಾ ಕೋತಾ', ಅಂದ್ರ ಆಲಾ ಅನ್ನೋ ಹುಡುಗಿ ಹಂತ್ಯಾಕ ಬೆಕ್ಕದ. ಪೋಲಿಷ್ ಕಲಿತ ಯಾರನ್ನ ಕೇಳಿದ್ರೂ ಈ ಸಾಲು ಹೇಳ್ತಾರ. ಕಷ್ಟ ಬರೂದು ಉಕ್ತಲೇಖನದಾಗ. ನಾವು ಅಲ್ಪಪ್ರಾಣ ಮಹಾಪ್ರಾಣದಾಗ ಒದ್ದಾಡ್ತೀವಲ್ಲ, ಅವರಲ್ಲಿ 'ಮೊಝೆ' ಅಂದ್ರ ಸಮುದ್ರನೂ ಹೌದು, 'ಆಗಬಹುದು' ಅನ್ನೂದೂ ಹೌದು, ಕಿವಿಗೆ ಎರಡೂ ಒಂದೇ, ಬರಿಯೂದು ಮಾತ್ರ ಬ್ಯಾರೆ ಬ್ಯಾರೆ ಅಕ್ಷರದಾಗ. ಮನ್ಯಾಗ ಮಾತಾಡಿ ಕಲಿತ ಹುಡುಗಗ ಈ ಫರಕು ತಾನಾಗೇ ತಿಳಿಯೂದಿಲ್ಲ, ಯಾರರೇ ಕುಂಡ್ರಿಸಿ ಬರಿಸಬೇಕು. ನಿನ್ನ ಮಗಂದೂ ಇದೇ ಕತಿ ತಂಗೀ, ಮಾತು ಅದ, ಅಕ್ಷರ ಇಲ್ಲ, ಅಂದ್ರ ಅರ್ಧಾ ಕೆಲಸ ಆಗೇದ.

ಹುಡುಗೂರು ಖುಷಿಲೇ ಹೋಗ್ತಾರಂತ ತಿಳೀಬ್ಯಾಡ. ಗೆಳ್ಯಾರು ಫುಟ್‌ಬಾಲ್ ಆಡೋ ಟೈಮಿಗೆ ಇವರು ವ್ಯಾಕರಣ ಕಲೀಬೇಕು, ಅಳ್ತಾರ, ಹೊಟ್ಟಿ ನೋವು ಅಂತಾರ. ಅದಕ್ಕ ಅವರು ಒಂದು ಶಾಣ್ಯಾ ಕೆಲಸ ಮಾಡ್ಯಾರ, ಕಲಿತದ್ದಕ್ಕ ಕೈಯಾಗ ಒಂದು ಸರ್ಟಿಫಿಕೇಟ್ ಬರೋಹಂಗ. ಇಂಗ್ಲೆಂಡದಾಗ ಪೋಲಿಷ್ ವಿಷಯ ತಗೊಂಡು ಎ ಲೆವೆಲ್, ಅಂದ್ರ ನಮ್ಮ ಹನ್ನೆರಡನೇತಿ ಇದ್ದಂಗಿನ ಪರೀಕ್ಷಾ, ಬರೀಬಹುದು, ಅದು ಕಾಲೇಜ್ ಸೀಟಿಗೆ ನಡೀತದ. 2015ರಾಗ ಆ ಪರೀಕ್ಷಾನ್ನ ಬಂದ್ ಮಾಡ್ತೀವಿ ಅಂತ ಸುದ್ದಿ ಬಂದಾಗ ಮಂದಿ ಸಹಿ ಮಾಡಿಸಿ ಗದ್ದಲ ಎಬ್ಬಿಸಿ ಮುಂದಿನ ವರ್ಷ ಉಳಿಸಿಕೊಂಡ್ರು. ನಮ್ಮಲ್ಲೂ ಕನ್ನಡ ಸಾಹಿತ್ಯ ಪರಿಷತ್ತಿನ ಪರೀಕ್ಷಾ ಅವ, ಪ್ರವೇಶ, ಕಾವ, ಜಾಣ, ರತ್ನ ಅಂತ, ಅದನ್ನ ಕಣ್ಣ ಮುಂದ ಇಟ್ಟುಕೋ. ಇನ್ನೊಂದು, ಕರ್ನಾಟಕದ ಸಿಇಟಿ ಒಳಗ ಗಡಿನಾಡ ಕನ್ನಡಿಗರಿಗೆ ಅವಕಾಶ ಅದ, ಅಕ್ಕಲಕೋಟ, ಜತ್ತ, ಗಡಹಿಂಗ್ಲಜ, ದಕ್ಷಿಣ ಸೊಲ್ಲಾಪುರ ಮತ್ತ ಕಾಸರಗೋಡಿನ ಕಡೆದವರಿಗೂ ಸಿಗ್ತದ, ಆದ್ರ ಕನ್ನಡ ಬರ್ತದಂತ ತೋರಿಸಬೇಕು. ಹನ್ನೆರಡನೇತಿ ಮುಗದಮ್ಯಾಲ ಓಡ್ಯಾಡೂದಕ್ಕಿಂತ ಈಗೇ ಶುರು ಮಾಡು.

ಟೀಚರ್, ಒಂದು ಸಂಶಯ. ವಲಸೆ ಹೋದವರ ಕತೆ ನಮಗೆ ಹೇಗೆ ಹೊಂದುದು? ನಾವು ಕಾಸರಗೋಡಿನವರು ಎಲ್ಲಿಗೂ ಹೋದವರಲ್ಲ, 1956ರಲ್ಲಿ ಗೆರೆ ಎಳೆದು ನಮ್ಮನ್ನು ಕೇರಳಕ್ಕೆ ಹಾಕಿದ್ದು. – ಬದಿಯಡ್ಕದಿಂದ

ನೀವು ಕೇಳಿದ್ದು ಖರೆ ಅದರೀ ಅಣ್ಣಾ, ಮತ್ತ ಇದನ್ನ ಕೇಳಿದ್ದು ಭಾಳ ಚಲೋ ಆತು. ನಾವು ಅಕ್ಕಲಕೋಟದವರೂ ಎಲ್ಲೂ ಹೋದವರಲ್ಲ. ವಲಸೆ ಹೋದವನಿಗೆ ಸರ್ಕಾರ 'ನೀ ಬಂದವ, ನಿನ್ನ ಭಾಷಾ ನೀ ನೋಡ್ಕೋ' ಅನ್ನಬಹುದು, ಇದ್ದಲ್ಲೇ ಇದ್ದವನಿಗೆ ಹಂಗನ್ನಾಕ ಬರೂದಿಲ್ಲ.

ನಿಮ್ಮಂಗ ಇರೋ ಪೋಲಿಷರೂ ಅದಾರ, ಲಿಥುವೇನಿಯಾದ ವಿಲ್ನಿಯಸ್ ಸುತ್ತಮುತ್ತ. ಎರಡು ಮಹಾಯುದ್ಧದ ನಡುವ ಆ ಪಟ್ಟಣ ಪೋಲಂಡಿನ್ಯಾಗ ಇತ್ತು, ಆಮ್ಯಾಲ ಗಡಿ ಸರೀತು, ಮಂದಿ ಅಲ್ಲೇ ಉಳದ್ರು. ಬಾಜೂಕಿನ ಷಲ್ಚಿನಿಂಕಾಯ್ ಜಿಲ್ಲಾದಾಗ ನಾಕರಾಗ ಮೂರು ಪಾಲು ಇವತ್ತಿಗೂ ಪೋಲಿಷರೇ. ಅಲ್ಲಿ ಶನಿವಾರದ ಸಾಲಿ ಅಲ್ಲ, ಸರ್ಕಾರದ ರೊಕ್ಕದಾಗ ನಡಿಯೋ ಪೂರಾ ಪೋಲಿಷ್ ಮೀಡಿಯಂ ಸಾಲಿಗಳವ, ನಿಮ್ಮ ಕನ್ನಡ ಮೀಡಿಯಂ ಇದ್ದಂಗ. ಪೋಲಂಡಿನ ಬ್ಯಾವಿಸ್ತೋಕ್ ವಿಶ್ವವಿದ್ಯಾಲಯದ ಒಂದು ಶಾಖಾನೂ 2007ರಿಂದ ವಿಲ್ನಿಯಸ್‌ದಾಗ ಅದ. ಜಗಳನೂ ನಿಮ್ಮಂಥಾದ್ದೇ ನೋಡ್ರಿ. 2011ರಾಗ ಲಿಥುವೇನಿಯಾ ಕಾಯ್ದೆ ತಂದು ಪೋಲಿಷ್ ಸಾಲಿ ಹುಡುಗೂರಿಗೂ ರಾಜ್ಯಭಾಷಾದ ಪರೀಕ್ಷಾ ಎಲ್ಲಾರಂಗ ಒಂದೇ ಅಂದಾಗ ಮಂದಿ ರಸ್ತಾಕ್ಕ ಇಳದ್ರು, 2017ರಾಗ ಮಲಯಾಳಂ ಕಡ್ಡಾಯದ ಕಾಯ್ದೆ ಬಂದಾಗ ನೀವು ಇಳದಂಗ. ಇನ್ನೊಂದು ಹೆಸರಿನ ಜಗಳ. ಲಿಥುವೇನಿಯಾದ ವರ್ಣಮಾಲಾದಾಗ ಡಬ್ಲ್ಯು ಅಕ್ಷರ ಇಲ್ಲ, ಹಂಗಾಗಿ ಪಾಸ್‌ಪೋರ್ಟಿನ್ಯಾಗ ಪೋಲಿಷರ ಹೆಸರು ವಿ ಹಾಕಿ ಬ್ಯಾರೆ ರೀತಿಲೇ ಬರೀತಿದ್ರು, ಅಪ್ಪನ ಹೆಸರು ಅಪ್ಪ ಬರಿಯೋಹಂಗ ಮಗ ಬರಿಯೋಹಂಗಿಲ್ಲ. ವರ್ಷಾನುಗಟ್ಟಲೆ ಕೋರ್ಟು ಕಚೇರಿ ಅಲದಮ್ಯಾಲ 2022ರಾಗ ಕಾಯ್ದೆ ತಿದ್ದಿ ಆ ಅಕ್ಷರಕ್ಕ ಒಪ್ಪಿಗಿ ಕೊಟ್ರು. ನಿಮ್ಮ ಕಡೆ ಬೋರ್ಡಿನ ಮ್ಯಾಲ ಮಂಜೇಶ್ವರ ಹೋಗಿ ಮಂಜೇಶ್ವರಂ ಆದಾಗ ಗೋವಿಂದ ಪೈಗಳ ಊರಿನವರಿಗೆ ಏನನ್ನಿಸಿರ್ತದ ಅನ್ನೂದು ಇದನ್ನ ಓದುವಾಗ ನನಗ ತಿಳೀತು. ಒಂದ ಅಕ್ಷರ ಅಂತ ಹೊರಗಿನವರಿಗೆ ಅನ್ನಿಸಬಹುದು.

ಮತ್ತ ಪೋಲಂಡ್ ತನ್ನ ಹೊರಗಿನವರನ್ನ ಕೈಬಿಟ್ಟಿಲ್ಲ. 2007ರಾಗ 'ಕಾರ್ತಾ ಪೋಲಾಕಾ' ಅಂತ ಒಂದು ಕಾರ್ಡಿನ ಕಾಯ್ದೆ ಮಾಡ್ಯಾರ, ಪೂರ್ವಜರು ಪೋಲಿಷರಾಗಿದ್ದು ಭಾಷಾ ಸ್ವಲ್ಪರೇ ಬರ್ತಿದ್ರ ಅದು ಸಿಗ್ತದ, ಅದರಿಂದ ಪೋಲಂಡಿನ್ಯಾಗ ಓದಾಕ ಕೆಲಸ ಮಾಡಾಕ ಅನುಕೂಲ. ಮೇ 2ನೇ ತಾರೀಖು ಹೊರಗಿನ ಪೋಲಿಷರ ದಿನ ಅಂತ 2002ರಿಂದ ಆಚರಿಸ್ತಾರ.

ಭಾಷಾ ಹೋದ್ರೂ ಹಬ್ಬ, ಊಟ, ಕುಣಿತ ಉಳದ್ರ ಸಾಕಲ್ಲೇನ್ರಿ ಅಕ್ಕೋರ? – ಕಾಲೇಜ್ ಹುಡುಗ, ಸೊಲ್ಲಾಪುರ

ಇಲ್ಲಪಾ ತಮ್ಮಾ, ಸಾಲೂದಿಲ್ಲ. ಅಮೆರಿಕಾದಾಗ ಪೋಲಿಷ್ ಮೂಲದವರು ಅಂತ ಹೇಳಿಕೊಳ್ಳೋರು ಸುಮಾರು 90 ಲಕ್ಷ, ಮನ್ಯಾಗ ಪೋಲಿಷ್ ಮಾತಾಡೋರು ಸುಮಾರು 5 ಲಕ್ಷ. ಅಷ್ಟರಾಗೇ ತಿಳ್ಕೋ. ಆ ಮಂದಿ ಏನೂ ಮಾಡಲಿಲ್ಲಂತಲ್ಲ. 1854ರಾಗ ಟೆಕ್ಸಾಸ್‌ದಾಗ ಪನ್ನಾ ಮರಿಯಾ ಅಂತ ಊರೇ ಕಟ್ಟಿದ್ರು, 1880ರಾಗ ಪೋಲಿಷ್ ನ್ಯಾಷನಲ್ ಅಲಯನ್ಸ್ ಅಂತ ಸಂಘ, ಅದರದ್ದು 1908ರಿಂದ ಚಿಕಾಗೋದಾಗ ಪೋಲಿಷ್ ದಿನಪತ್ರಿಕೆ, ಅದು ಇವತ್ತಿಗೂ ಬರ್ತದ. ಚಿಕಾಗೋದಾಗೇ ಒಂದು ಪೋಲಿಷ್ ಮ್ಯೂಸಿಯಂ 1937ರಾಗ ತೆರೀತು. ಚರ್ಚಿನ ಸಾಲಿಗಳು ಸಾವಿರಗಟ್ಟಲೆ ಹುಡುಗೂರ್ನ ಓದಿಸಿದವು. ಆದ್ರ ಮೊದಲನೇ ಮಹಾಯುದ್ಧ ಮುಗದಮ್ಯಾಲ ಆ ಸಾಲಿಗಳು ಒಂದೊಂದೇ ಇಂಗ್ಲಿಷಿಗೆ ಹೊಳ್ಳಿದವು, ಎರಡು ತಲೆಮಾರಿನ್ಯಾಗ ಮಾತು ಸಣ್ಣಾತು.

ಉಳದಿದ್ದು ಏನಂದ್ರ ಕೆಲವು ಶಬ್ದ. ಚಿಕಾಗೋ, ಡೆಟ್ರಾಯ್ಟ್ ಕಡೆ ಹಳೇ ಮನೆತನದವರು ಅಜ್ಜಿಗೆ 'ಬುಷಾ' ಅಂತಾರ, ಪೋಲಂಡಿನ್ಯಾಗ ಎಲ್ಲಾರೂ ಅನ್ನೂದು 'ಬಾಬ್ಚಾ'. ಈಸ್ಟರ್ ಹಬ್ಬದ ಮುಂಚಿನ ಉಪವಾಸದ ದಿನ ಶುರು ಆಗೂಕಿಂತ ಮೊದಲು 'ಪೋಂಚ್ಕಿ' ಅಂತ ಒಳಗ ಹಣ್ಣಿನ ಪಾಕ ತುಂಬಿದ ಕರದ ತಿನಿಸು ತಿಂತಾರ, ಪೋಲಂಡಿನ್ಯಾಗ ಗುರುವಾರ, ಅಮೆರಿಕಾದಾಗ ಅದು ಮಂಗಳವಾರ ಆಗೇದ. ಬಫಲೋ ಪಟ್ಟಣದಾಗ ಈಸ್ಟರ್ ಮರುದಿನ ದಿಂಗುಸ್ ಅಂತ ಒಬ್ಬರ ಮ್ಯಾಲೊಬ್ಬರು ನೀರು ಗೊಜ್ಜೋ ಹಬ್ಬ, ಥೇಟ್ ನಮ್ಮ ಓಕುಳಿನೇ, ಆ ದಿನ ಪೋಲಿಷರಲ್ಲದವರೂ ಕೆಂಪು ಬಿಳಿ ಅಂಗಿ ಹಾಕ್ಕೊಂಡು ಬರ್ತಾರ. ಇದೆಲ್ಲಾ ಚಂದೇ ಅದ, ನಾ ಬ್ಯಾಡ ಅನ್ನೂದಿಲ್ಲ.

ನನಗ ಭಾಳ ಹಿಡಿಸಿದ್ದು ಮಾತ್ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಊಟ, ವಿಗಿಲಿಯಾ ಅಂತಾರ. ಆಕಾಶದಾಗ ಮೊದಲನೇ ಚಿಕ್ಕಿ ಕಂಡಮ್ಯಾಲೇ ಊಟಕ್ಕ ಕುಂಡ್ರೂದು, ಟೇಬಲಿನ ಬಟ್ಟಿ ಕೆಳಗ ಒಣಾ ಹುಲ್ಲು ಹರವಿರ್ತಾರ, ಹನ್ನೆರಡು ಥರದ ಅಡಿಗಿ, ಮಾಂಸ ಇರೂದಿಲ್ಲ, ಮತ್ತ ಯಾರರೇ ಅಚಾನಕ್ ಬಂದ್ರ ಅಂತ ಒಂದು ತಾಟು ಹೆಚ್ಚಿಗಿ ಇಟ್ಟಿರ್ತಾರ. ಊಟಕ್ಕ ಮೊದಲು 'ಓಪ್ವಾಟೆಕ್' ಅನ್ನೋ ಕಾಗದದಷ್ಟು ತೆಳ್ಳಗಿನ ರೊಟ್ಟಿ ಒಬ್ಬರದು ಒಬ್ಬರು ಮುರಕೊಂಡು, ಏನ ಆಸೆ ಅದ ಏನ ಒಳ್ಳೇದಾಗಬೇಕು ಅನ್ನೂದನ್ನ ಬಾಯಿಬಿಟ್ಟು ಹೇಳಬೇಕು. ಹೊರದೇಶದಾಗ ಇದ್ದ ಮಕ್ಕಳಿಗೆ ಆ ರೊಟ್ಟಿನ್ನ ಪತ್ರದ ಲಕೋಟಿಯೊಳಗ ಇಟ್ಟು ಪೋಸ್ಟ್ ಮಾಡ್ತಿದ್ರು. ತಮ್ಮಾ, ರೊಟ್ಟಿ ಯಾವ ದೇಶದಾಗರೇ ಮುರೀಬಹುದು, ಹಾರೈಸಾಕ ಮಾತು ಬೇಕಲ್ಲ, ಅಜ್ಜಿ ಹಾರೈಸಿದ್ದು ಮೊಮ್ಮಗಗ ತಿಳೀಬೇಕಲ್ಲ.

ಮೇಡಂ, ನಮ್ಮೂರ್ ಕನ್ನಡ ಇಸ್ಕೂಲಲ್ಲಿ ಮಕ್ಕಳು ಕಮ್ಮಿ ಆಗೋದ್ರು, ಮುಚ್ತಾರೆ ಅಂತಾವ್ರೆ. ಪೋಲಿಷ್‌ನವ್ರ ಇಸ್ಕೂಲ್ನ ಹಿಂಗೆ ಯಾರಾದ್ರೂ ಮುಚ್ಸಿದ್ರಾ? – ತಾಳವಾಡಿ

ಮುಚ್ಚಿಸ್ಯಾರ ಅಣ್ಣಾ, ಒಂದೇ ಏಟಿಗೆ. ಬ್ರೆಜಿಲ್ ದೇಶದ ಪರಾನಾ ಕಡೆ 1870ರ ಆಸುಪಾಸಿನಿಂದ ಪೋಲಿಷ್ ರೈತರು ಹೋಗಿ ಕಾಡು ಕಡದು ಹೊಲ ಮಾಡಿದ್ರು, ಒಂದೊಂದು ವಸ್ತಿಗೂ ತಾವೇ ಕಟ್ಟಿಗಿ ಹೊತ್ತು ಸಾಲಿ ಕಟ್ಟಿದ್ರು. ಹಿಂಗ 300ಕ್ಕೂ ಹೆಚ್ಚು ಸಾಲಿ ಆಗಿದ್ದವು. 1938ರಾಗ ಅಲ್ಲಿನ ಅಧ್ಯಕ್ಷ ವರ್ಗಾಸ್ ಸರ್ಕಾರ ಎಲ್ಲಾರೂ ಪೋರ್ಚುಗೀಸ್‌ದಾಗೇ ಕಲೀಬೇಕು ಅಂತ ಹೊರಡಿಸಿದ ಹುಕುಮಿಗೆ ಅಷ್ಟೂ ಹೋದವು. ಅಡಿಗಿ ಮನ್ಯಾಗ, ಚರ್ಚಿನ್ಯಾಗ ಮಾತು ಉಳೀತು, ಓದು ಬರಹ ನಿಂತುಹೋತು.

ಅದಕ್ಕೂ ಮೊದಲು ಪೋಲಂಡಿನ ನೆಲದಾಗೇ ಆಗೇದ. 1795ರಿಂದ 1918ರ ತನಕ, 123 ವರ್ಷ, ಆ ದೇಶ ನಕಾಶೆ ಒಳಗೇ ಇರಲಿಲ್ಲ, ಮೂರು ರಾಜ್ಯ ಹಂಚ್ಕೊಂಡಿದ್ದವು. ಜರ್ಮನ್ ಆಳಿಕಿ ಒಳಗಿನ ವ್ಝೆಷ್ನ್ಯಾ ಅನ್ನೋ ಊರಾಗ 1901ರಾಗ ಧರ್ಮದ ಪಾಠ ಜರ್ಮನ್‌ದಾಗ ಹೇಳಂಗಿಲ್ಲ ಅಂತ ಹುಡುಗೂರು ಬಾಯಿ ಬಿಗಿಹಿಡದು ಕುಂತ್ರು, ಮಾಸ್ತರ್ ಬೆತ್ತ ತಗೊಂಡು ಹೊಡದ, ಕೇಳಾಕ ಹೋದ ತಾಯಿ ತಂದಿಗೆ ಜೈಲಾತು. ಐದು ವರ್ಷದಾಗ ಆ ಹಠ ಎಲ್ಲಾ ಕಡೆ ಹಬ್ಬಿ ಸಾವಿರಾರು ಹುಡುಗೂರು ಸಾಲಿಯೊಳಗ ಮುಷ್ಕರ ಹೂಡಿದ್ರು.

ನಿಮ್ಮಲ್ಲಿ ಹುಕುಮ್ ಇಲ್ಲ, ಹಾಜರಿ ಕಡಿಮಿ ಅದ. ಅದು ಬ್ಯಾರೆ ಥರದ ಕಷ್ಟ, ಆದ್ರ ನಿಮ್ಮ ಕೈಯಾಗ ಇರೋ ಕಷ್ಟ. ಜೂನ್ ಬರೂದರೊಳಗ ಮನಿ ಮನಿಗೆ ಹೋಗ್ರಿ, ಮಾಸ್ತರರನ್ನ ಜೋಡಿ ಕರಕೊಂಡು ಹೋಗ್ರಿ. ಈಗೇ ಹೋಗ್ರಿ.

ನಮ್ಮ ಕರ್ನಾಟಕಕ್ಕೂ ಪೋಲಂಡಿಗೂ ಏನರೇ ಸಂಬಂಧ ಅದ ಏನ್ರಿ? – ಅಕ್ಕಲಕೋಟ

ಅದ. ಮಾರಿಸ್ ಫ್ರೀಡ್ಮನ್ ಅಂತ ವಾರ್ಸಾದ ಇಂಜಿನಿಯರ್, ದಿವಾನ್ ಮಿರ್ಜಾ ಇಸ್ಮಾಯಿಲ್ ಕಾಲಕ್ಕ ಬೆಂಗಳೂರಿಗೆ ಬಂದು ಮೈಸೂರು ಸರ್ಕಾರದ ಎಲೆಕ್ಟ್ರಿಕ್ ಫ್ಯಾಕ್ಟರಿ ನಡಸ್ತಿದ್ರು. ಗಾಂಧೀಜಿ ದಾರಿ ಹಿಡದು ಮಹಾರಾಷ್ಟ್ರದ ಔಂಧ ಸಂಸ್ಥಾನದಾಗ ಹಳ್ಳಿ ಮಂದಿ ಕೈಗೆ ಆಡಳಿತ ಕೊಡೋ ಪ್ರಯೋಗಕ್ಕೂ ಕೈ ಹಚ್ಚಿದ್ರು. ಅವರೂ ವಾಂದಾ ದಿನೋವ್ಸ್ಕಾ ಅನ್ನೋ ಪೋಲಿಷ್ ಹೆಣ್ಣಮಗಳೂ ಕೂಡಿ 1944ರಾಗ ಮದ್ರಾಸ್‌ದಾಗ ಒಂದು ಪ್ರಕಾಶನ ಶುರು ಮಾಡಿ ನಮ್ಮ ದೇಶದ ಗ್ರಂಥಗಳನ್ನ ಪೋಲಿಷ್‌ದಾಗ ತಂದ್ರು.

ನಮ್ಮೂರಾಗೂ ಇಂಥಾ ಸಾಲಿ ತೆಗೀಬೇಕಂದ್ರ ಎಷ್ಟು ಹುಡುಗೂರು ಬೇಕು, ಎಷ್ಟು ರೊಕ್ಕ ಬೇಕು? – ಮೂರು ಮಂದಿ, ಬ್ಯಾರೆ ಬ್ಯಾರೆ ಊರಿಂದ

ನಾ ನಿವೃತ್ತಿ ಆದಮ್ಯಾಲ ನಮ್ಮ ಓಣಿ ಹನುಮಪ್ಪನ ಗುಡಿ ಕಟ್ಟಿ ಮ್ಯಾಲ ರವಿವಾರ ಮುಂಜಾನೆ ಶುರು ಮಾಡಿದಾಗ ಏಳು ಹುಡುಗೂರು ಇದ್ರು, ಎರಡು ತಿಂಗಳದಾಗ ಮೂರಕ್ಕ ಇಳೀತು. ಪಾಟಿ, ಬಳಪ, ಒಂದು ಚಾಪಿ ಇಷ್ಟೇ ಖರ್ಚು. ಆಗ ಆ ಲಕೋಟಿಯೊಳಗಿನ ರೊಟ್ಟಿ ನೆನಪಾಗಿ, ಎಂಟಾಣೆಕ್ಕೊಂದು ಪೋಸ್ಟ್‌ಕಾರ್ಡ್ ತಂದು ಹುಡುಗೂರಿಗೆ ಕೊಟ್ಟು, ಹಳ್ಳ್ಯಾಗ ಇರೋ ನಿಮ್ಮ ಆಯಿಗೆ ಏನರೇ ಬರೀರಿ ಅಂದೆ, ತಪ್ಪಾದ್ರ ಆಗಲಿ, ನಾ ತಿದ್ದೂದಿಲ್ಲ. ಆರನೇತಿ ಹುಡುಗ ಒಬ್ಬಾವ 'ಅಯಿ ನೀ ಯವಾಗ ಬರತಿ' ಅಂತ ಬರದ, ಅಷ್ಟೇ, ಒಂದೇ ಸಾಲು. ಹದಿನೈದು ದಿನಕ್ಕ ಆ ಮುದುಕಿ ಬಸ್ ಹತ್ತಿ ಬಂದಳು, ಸೆರಗಿನ ತುದಿಗೆ ಕಾರ್ಡ್ ಕಟ್ಟಿಕೊಂಡಿದ್ದಳು, ಆಕಿಗೆ ಓದಾಕ ಬರೂದಿಲ್ಲ, ಊರಾಗ ನಾಕ ಮಂದಿ ಕೈಲೆ ಓದಿಸ್ಯಾಳ, ಈಗ ಬರದವನ ಬಾಯಾಗೇ ಕೇಳಬೇಕಂತ ಗುಡಿ ಕಟ್ಟಿ ಮ್ಯಾಲ ಕುಂತು ಮೊಮ್ಮಗನ ಕೈಗೆ ಕೊಟ್ಟಳು. ಮುಂದಿನ ರವಿವಾರ ಹನ್ನೊಂದು ಹುಡುಗೂರು ಬಂದಿದ್ರು, ಬಂದ ಕೂಡಲೇ ಕಾರ್ಡ್ ಎಲ್ಲಿ ಅಂತ ಕೇಳಿದ್ರು.